ಬಿಡಿಸದ ಪಥ್ಯ

ಅಪ್ಪಾಜಿ,

ಇವತ್ತು ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಉಳವಿಯ ಮೂಕಮ್ಮ ಸಿಕ್ಕಿದ್ದರು, ಕಾಮಾಲೆಗೆ ಬೇರಿನ ಔಷಧಿ ಕೊಡುವವರು. ನೀವು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

“ಶಿಕಾರಿಪುರದ ಪರಮಶಿವಪ್ಪನೋರ ಮಗ ಅಲ್ಲೇನ್ರೀ? ಅದೇ ಮುಖ. ಅಪ್ಪಾರು ಆಪರೇಷನ್ನಿಗೆ ಹೆದರಿ ನನ್ನ ಹತ್ರ ಔಷಧಿ ಕುಡ್ಕಂಡು ಹೋಗಿದ್ರು. ಮನೇಲಿ ಹೇಳ್ಬ್ಯಾಡ ಅಂದಿದ್ರು.”

ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿದಾಗ ನಿಮಗೆ ಕಾಮಾಲೆ ಎಂದೇ ಹೇಳಿದ್ದೆವು. ಗಡ್ಡೆಗಳನ್ನೇ ಗುರಿಯಿಟ್ಟು ಹೊಡೆಯುವ ಇಂಜೆಕ್ಷನ್‌ಗಳಿಂದ ಅವು ಕುಗ್ಗಿದ್ದವು. ಉಳಿದಷ್ಟನ್ನು ಕೊಯ್ದು ತೆಗೆಯಲು ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, “ಲಿವರ್ ಇದ್ದಕ್ಕಿದ್ದಂಗೆ ಕೆಟ್ಟಿದೆ, ಇನ್ನು ಆಪರೇಷನ್ ಆಗಲ್ಲ. ಬೇರೆ ಔಷಧಿ ಏನಾದ್ರೂ ಕೊಟ್ರಾ?” ಎಂದರು. ಇಲ್ಲವೆಂದು ನಾನು ದೇವರಾಣೆ ಹಾಕಿದೆ.

ಕೊನೆಗೆ ನೀವು ಉಪ್ಪು, ಎಣ್ಣೆ ಮುಟ್ಟದೆ ತಟ್ಟೆ ಸರಿಸುತ್ತಿದ್ದಿರಿ. ಬಾಯಿ ಕೆಟ್ಟಿದೆ ಅಂದುಕೊಂಡು ಅವ್ವ ದಿನಾ ಒಗ್ಗರಣೆ ಬದಲಿಸುತ್ತಿದ್ದಳು.

“ಕಾಮಾಲೆ ಇಳಿದಿರ್ಬೇಕಲ್ರೀ?” ಎಂದರು ಮೂಕಮ್ಮ. “ಪಥ್ಯ ನಾನೇ ಬಿಡಿಸ್ಬೇಕು. ಅಲ್ಲೀತಂಕ ಉಪ್ಪು, ಎಣ್ಣೆ ಮುಟ್ಟಂಗಿಲ್ಲ. ಒಂದಿನ ಕರ್ಕಂಡು ಬರ್ರಿ.”

“ಆಗ್ಲಿ,” ಎಂದೆ. “ಕರ್ಕಂಡು ಬರ್ತೀನಿ.”