ಎದೆ ನಮ್ಮದು, ಅದರ ಸಾಂದ್ರತೆ ನಿಮ್ಮ ಗುಟ್ಟೇ?

ಕ್ಯಾನ್ಸರ್ ತಪಾಸಣಾ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ತಂಗಿಯ ಎದೆಯ ಬಗ್ಗೆ ನಿಮ್ಮ ಇಲಾಖೆಗೆ ಗೊತ್ತಿದ್ದ ಸಂಗತಿಯೊಂದನ್ನು ಅವಳಿಗೇ ಹೇಳದೆ ಮುಚ್ಚಿಟ್ಟಿರಿ. ಎದುರಿಗೆ ಬಂದು ಕೇಳಿದರೂ ಉತ್ತರ ಸಿಗಲಿಲ್ಲ. ಆದ್ದರಿಂದ ಇದನ್ನು ಊರೆಲ್ಲ ಓದಲಿ.

ತಂಗಿ ಸಿಟಿ ಬಸ್ಸಿನ ಚಾಲಕಿ. ನಿಮ್ಮ ಜಾಹೀರಾತು ನೋಡಿ, ರಜೆ ಹಾಕಿ, ಮ್ಯಾಮೊಗ್ರಾಮ್ ಮಾಡಿಸಿಕೊಂಡಳು. ತಣ್ಣನೆಯ ಫಲಕಗಳ ನಡುವೆ ಎದೆ ಅಪ್ಪಚ್ಚಿಯಾದರೂ, "ನಾರ್ಮಲ್" ಎಂದದ್ದು ಕೇಳಿ ನಗುನಗುತ್ತಲೇ ಮನೆಗೆ ಬಂದಳು. ಕೆಲವು ತಿಂಗಳಾದ ಮೇಲೆ ಸೀಟ್ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಗಟ್ಟಿಯಾದದ್ದೇನೋ ಒತ್ತತೊಡಗಿತು. ನಿಮ್ಮ ವೈದ್ಯರು ಮುಟ್ಟಿಯೂ ನೋಡಲಿಲ್ಲ. "ಮೊನ್ನೆ ತಾನೇ ನಾರ್ಮಲ್ ಬಂದಿದೆಯಲ್ಲಮ್ಮ. ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದು ಕಳಿಸಿದರು. ನಂಬದೆ ಏನು ಮಾಡಿಯಾಳು?

ನೋವು ಕಂಕುಳಿಗೆ ಹತ್ತಿದಾಗ ಬೇರೆ ಕಡೆ ಅಲ್ಟ್ರಾಸೌಂಡ್ ಮಾಡಿಸಿದೆವು. ಗಡ್ಡೆ ಕಂಡಿತು. ಅಲ್ಲಿನ ವೈದ್ಯೆ ನಿಮ್ಮಲ್ಲಿ ತೆಗೆದ ಹಳೆಯ ಚಿತ್ರವನ್ನು ಪರದೆಯ ಮೇಲೆ ತೆರೆದು ನಿಟ್ಟುಸಿರಿಟ್ಟರು. "ನಿಮ್ಮ ಎದೆಯಲ್ಲಿ ಕೊಬ್ಬು ಕಮ್ಮಿ, ಗ್ರಂಥಿ ಜಾಸ್ತಿ. ಸಾಂದ್ರತೆ ಹೆಚ್ಚು ಅಂತೀವಿ. ಅದು ಕಾಯಿಲೆ ಅಲ್ಲಮ್ಮ. ಆದ್ರೆ ಮ್ಯಾಮೊಗ್ರಾಮಲ್ಲಿ ಅದೂ ಬೆಳ್ಳಗೆ, ಗಡ್ಡೆನೂ ಬೆಳ್ಳಗೆ. ಒಂದರ ಹಿಂದೆ ಒಂದು ಅಡಗಿಬಿಡತ್ತೆ. ಅವರ ಯಂತ್ರ ಇದನ್ನ ಅಳೆದಿದೆ. ನಿಮಗೆ ಹೇಳಲೇ ಇಲ್ವಾ?"

ಇಲ್ಲ, ಹೇಳಲಿಲ್ಲ. ಯಂತ್ರ ತರಿಸಿದಿರಿ, ರಿಬ್ಬನ್ ಕತ್ತರಿಸಿದಿರಿ, ಫೋಟೋ ತೆಗೆಸಿಕೊಂಡಿರಿ. ಅದು ಅಳೆದದ್ದನ್ನು ಎದೆಯ ಒಡತಿಗೆ ಹೇಳುವುದು ಮಾತ್ರ ತಮ್ಮ ಘನತೆಗೆ ಕಡಿಮೆಯಾಯಿತೇ? ಚಪ್ಪಲಿ ಅಂಗಡಿಯವನೂ ಕಾಲಿನ ಅಳತೆಯನ್ನು ಬಾಯಿಬಿಟ್ಟು ಹೇಳುತ್ತಾನಲ್ಲ!

ಶಸ್ತ್ರಚಿಕಿತ್ಸೆಯಲ್ಲಿ ಒಂದು ಎದೆ ಹೋಯಿತು. ಗಾಯ ಮಾಗಿದ ಮೇಲೆ ನಾವಿಬ್ಬರೂ ತಮ್ಮ ಕೋಣೆಗೆ ಬಂದೆವು. ನೆನಪಿರಬೇಕು. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ತಾವು ಅಪ್ಪಣೆ ಕೊಡಿಸಿದಿರಿ: "ಇದನ್ನೆಲ್ಲ ಹೇಳಿದ್ರೆ ಹೆಂಗಸರು ಗಾಬರಿಯಾಗ್ತಾರಮ್ಮ."

ತಂಗಿ ದನಿ ಏರಿಸಲಿಲ್ಲ. "ಸಾರ್, ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ಡಿಪೋದವರಿಗೆ ಗೊತ್ತಿದೆ. ನಾನು ಗಾಬರಿಯಾಗ್ತೀನಿ ಅಂತ ಹೇಳದೆ ಬಸ್ ಕೊಟ್ಟು ಕಳಿಸ್ತಾರೆ. ನೀವು ಆ ಬಸ್ ಹತ್ತುತ್ತೀರಾ?"

ತಾವು ಚಹಾದೊಳಗೆ ಮುರಿದು ಬಿದ್ದ ಬಿಸ್ಕತ್ತನ್ನು ಚಮಚದಿಂದ ಹುಡುಕತೊಡಗಿದಿರಿ.

ಈಗ ಅವಳಿಗೆ ಕಿಮೋ ನಡೆಯುತ್ತಿದೆ. ತೋಳು ಮೇಲೆತ್ತಲಾಗುವುದಿಲ್ಲ. ಸ್ಟೇರಿಂಗ್ ಹಿಡಿಯುತ್ತಿದ್ದವಳು ಬಾಚಣಿಗೆ ಹಿಡಿಯಲೂ ನನ್ನನ್ನು ಕರೆಯುತ್ತಿದ್ದಳು. ಈಗ ಬಾಚಲು ಕೂದಲೂ ಇಲ್ಲ. ಬದುಕಿದ್ದಾಳೆ. ದಯವಿಟ್ಟು ಅದನ್ನು ಇಲಾಖೆಯ ಸಾಧನೆಗಳ ಪಟ್ಟಿಗೆ ಸೇರಿಸಬೇಡಿ.

ನಮಗೆ ತಮ್ಮ ವಿಷಾದ ಬೇಡ. ಮ್ಯಾಮೊಗ್ರಾಮ್ ಮಾಡಿಸಿಕೊಂಡ ಪ್ರತಿಯೊಬ್ಬಳಿಗೂ ಅವಳ ಎದೆಯ ಸಾಂದ್ರತೆ ಎಷ್ಟು, ಅದರಿಂದ ಏನು ಕಾಣದೆ ಹೋಗಬಹುದು ಎಂಬುದನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಸಾಂದ್ರತೆ ಹೆಚ್ಚಿದ್ದವರಿಗೆ ಮುಂದಿನ ಪರೀಕ್ಷೆಯ ದಾರಿ ತೋರಿಸಿ. ನಾಳೆಯಿಂದಲೇ ಶುರುಮಾಡಿ. ಅಳೆಯುವ ಕೆಲಸ ಹೇಗೂ ನಡೆದೇ ಇದೆ. ಬಾಯಿ ತೆರೆಯುವುದಷ್ಟೇ ಬಾಕಿ.

ಇಂತಿ,
ಮುಂದಿನ ವಾರ ಅದೇ ಯಂತ್ರದ ಮುಂದೆ ನಿಲ್ಲಬೇಕಾಗಿರುವ,
ಅವಳ ಅಕ್ಕ