ಅರ್ಧ ಬೈರಾಸು

ಸದಾಶಿವ ಪೇಠ, ಪುಣೆ
ಸೋಮವಾರ, 2 ಡಿಸೆಂಬರ್ 2024

ಶರಣ್ಯಾಳ ಅಪ್ಪನಿಗೆ ಪಂಕಜಾಕ್ಷಿಯ ನಮಸ್ಕಾರ. ನಮಸ್ಕಾರ ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ.

ನೀವು ಕಾರ್ಕಳದಿಂದ ಸ್ಪೀಡ್ ಪೋಸ್ಟಿನಲ್ಲಿ ಹಾಕಿದ ಪತ್ರ ಎರಡೇ ದಿನದಲ್ಲಿ ಬಂತು. ನಿಮ್ಮ ತಮ್ಮ ಮೋಹನದಾಸ ಕಾಲಿಟ್ಟ ಮನೆಯವರ ಜೊತೆ ಇನ್ನು ಫೋನಿನಲ್ಲೂ ಮಾತಾಡುವುದಿಲ್ಲ ಎಂದು ಆಣೆ ಹಾಕಿ ಹೋದವರು ನೀವು. ಮಗಳು ಫೋನು ಮಾಡಿದರೂ ಎತ್ತಲಿಲ್ಲ. ಪತ್ರ ಬರೆಯಲು ಮಾತ್ರ ಆ ಆಣೆ ಅಡ್ಡ ಬರಲಿಲ್ಲ ನೋಡಿ.

ಭಾನುವಾರ ಅವಳ ಮದುವೆಯೆಂದು ನಿಮ್ಮ ಅಕ್ಕನಿಂದ ತಿಳಿಯಿತಂತೆ. ಮಾವನವರ ಹಳೇ ಫಿಯೆಟ್ಟಿನಲ್ಲಿ ಮಗಳನ್ನು ಹಾಲ್‌ವರೆಗೆ ನೀವೇ ಕರೆದೊಯ್ಯಬೇಕಂತೆ. ಎರಡು ದಿನ ಮೊದಲೇ ಬಂದು ಎಂಜಿನ್ನಿನ ಎಣ್ಣೆ ಸೋರುವುದನ್ನು ನಿಲ್ಲಿಸಿಯೇ ಬಿಡುತ್ತೀರಂತೆ. ಮೋಹನದಾಸ ಮಾತ್ರ ಗಾಡಿಯನ್ನು ಮುಟ್ಟಬಾರದಂತೆ. ನಾನು ಒಂದು ಸಾಲು ಬರೆದು ಕರೆದರೆ ಅವತ್ತೇ ಬಸ್ಸು ಹತ್ತುತ್ತೀರಂತೆ, ಇಲ್ಲದಿದ್ದರೆ ಇಲ್ಲವಂತೆ. ಹೆಣ್ಣಿನ ಅಪ್ಪನೇ ಮದುವೆಯ ಕರೆಗೆ ಕಾದು ಕೂತದ್ದನ್ನು ನಾನು ಕಂಡದ್ದು ಇದೇ ಮೊದಲು.

ಅಷ್ಟೆಲ್ಲ ತೊಂದರೆ ತೆಗೆದುಕೊಳ್ಳಬೇಡಿ. ಸೋರುವುದು ನಿಂತಿದೆ. ಕಂಡುಹಿಡಿದದ್ದು ನಾನು.

ಎಷ್ಟು ಭಾನುವಾರ ಆ ಗಾಡಿಯ ಕೆಳಗೆ ಮಲಗಿದಿರಿ ನೀವು! ಕೆಳಗಿನ ಗ್ಯಾಸ್ಕೆಟ್ ಬದಲಾಯಿಸಿದಿರಿ, ಮುಂದಿನ ಸೀಲು, ಹಿಂದಿನ ಸೀಲು, ಮೇಲಿನ ಮುಚ್ಚಳದ ಕಾರ್ಕು, ಒಂದನ್ನೂ ಬಿಡಲಿಲ್ಲ. ಗ್ಯಾರೇಜಿನವರು ಬಾಯಿ ತೆರೆದರೆ, ಇದು ನನ್ನ ಅಪ್ಪನ ಗಾಡಿ, ನನಗೆ ಕಲಿಸಬೇಡಿ ಎಂದು ಗದರಿ, ನೀವು ಹೇಳಿದ್ದನ್ನಷ್ಟೇ ಬಿಚ್ಚಿಸಿದಿರಿ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಜಿನುಗುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದು ಬರುತ್ತಿದ್ದಾಗ ಅದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಹೇಗಿದೆ ನನ್ನ ತಲೆ ಎಂದು ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದಿರಿ. ಶರಣ್ಯಾ ಹತ್ತನೇ ತರಗತಿ ಪಾಸಾಗಿ ಪೇಢೆ ಹಿಡಿದು ಓಡಿ ಬಂದಾಗ ಗಾಡಿಯ ಕೆಳಗೆ ನಿಮ್ಮ ಕಾಲುಗಳಷ್ಟೇ ಕಾಣುತ್ತಿದ್ದವು. ನೀವು ಕೈ ಹೊರಗೆ ಚಾಚಿ, ಹದಿನಾಲ್ಕರ ಪಾನಾ ಕೊಡು ಎಂದಿರಿ. ಅವಳು ಪಾನಾ ಕೊಟ್ಟು, ಪೇಢೆಯನ್ನು ಮೆಟ್ಟಿಲ ಮೇಲೆ ಕೂತು ತಾನೇ ತಿಂದಳು.

ಸೋರಲು ಶುರುವಾದ ವರ್ಷ ನಿಮಗೆ ಚೆನ್ನಾಗಿ ನೆನಪಿರಬೇಕು. ಆಯುಧಪೂಜೆ ಕಳೆದು ಒಂದು ವಾರಕ್ಕೆ ಮೋಹನದಾಸ ನಮ್ಮ ಹೋಟೆಲಿಗೆ ಸೀತಾಫಲ ತರಲು ಗಾಡಿಯನ್ನು ಸಾಸವಡಕ್ಕೆ ಒಯ್ದಿದ್ದ. ಬರುವಾಗ ಅಡಿಯೆಲ್ಲ ಎಣ್ಣೆ. ಘಾಟಿಯಲ್ಲಿ ಎಳೆದಾಡಿ ಎಂಜಿನ್ ಹಾಳು ಮಾಡಿದೆ, ಸತ್ತ ಅಪ್ಪನನ್ನು ಇನ್ನೊಮ್ಮೆ ಕೊಂದೆ ಎಂದು ಗಿರಾಕಿಗಳ ಎದುರು ಅವನ ಕೆನ್ನೆಗೆ ಹೊಡೆದಿರಿ. ಅವನು ಗಲ್ಲಾದ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ. ಹೋಟೆಲಿನಲ್ಲಿ ಅರ್ಧ ಹಕ್ಕಿದ್ದವನು ದೇಹೂ ರೋಡಿನಲ್ಲಿ ತಳ್ಳುಗಾಡಿಯ ಮೇಲೆ ಚಹಾ ಮಾರಿದ. ಎರಡು ವರ್ಷದ ಹಿಂದೆ ನಾನು ಅವನನ್ನು ಮತ್ತೆ ಹೋಟೆಲಿಗೆ ಕರೆಸಿದೆ, ನೀವು ಚೀಲ ತುಂಬಿಕೊಂಡು ಊರಿಗೆ ಹೋದಿರಿ. ಬೇಜಾರಾಗಲಿಲ್ಲ. ಎಣ್ಣೆ ಬಿದ್ದ ಅಂಗಳ ತೊಳೆಯುವ ಕೆಲಸ ಕಡಿಮೆಯಾಗಬಹುದು ಅಂದುಕೊಂಡೆ, ಆದರೆ ಗಾಡಿಯನ್ನು ಬಿಟ್ಟುಹೋಗಿದ್ದಿರಲ್ಲ.

ಹೋದ ವಾರ ಮೋಹನದಾಸನೂ ನಾನೂ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ ಒಣಗಿಸಿ, ಅದರ ಮೇಲೆ ಶರಣ್ಯಾಳ ಪೌಡರ್ ಡಬ್ಬಿ ಖಾಲಿ ಮಾಡಿ ಚಾಲೂ ಮಾಡಿದೆವು. ಸೋರುವ ಜಾಗದಲ್ಲಿ ಪೌಡರ್ ಒದ್ದೆಯಾಗಬೇಕು. ನೋಡಿದರೆ ಹಿಂದೆ ಮುಂದೆ ಮೇಲೆ ಕೆಳಗೆ ಎಲ್ಲ ಕಡೆಯೂ ಒದ್ದೆ. ಅವನು ತಲೆ ಮೇಲೆ ಕೈ ಹೊತ್ತು ಕೂತ. ನನಗೆ ನಮ್ಮ ಹೋಟೆಲಿನ ಇಡ್ಲಿ ಪಾತ್ರೆ ನೆನಪಾಯಿತು. ಹಬೆ ಹೋಗುವ ತೂತು ಕಟ್ಟಿಕೊಂಡರೆ ಮುಚ್ಚಳದ ಸುತ್ತಲೂ ನೀರು ಉಕ್ಕುತ್ತದೆ. ಆಗ ನಾವು ಪಾತ್ರೆ ಬದಲಾಯಿಸುವುದಿಲ್ಲ, ತೂತು ಬಿಡಿಸುತ್ತೇವೆ. ಈ ಎಂಜಿನ್ನು ತನ್ನ ಹಬೆ ಬಿಡುವುದು ಎಲ್ಲಿಂದ ಎಂದು ಕೇಳಿದೆ. ಅವನು ಪಕ್ಕದ ಕೊಳವೆಗೆ ಸಿಕ್ಕಿಸಿದ್ದ ರಬ್ಬರ್ ನಳಿಕೆಯನ್ನು ಕಿತ್ತ. ಕೊಳವೆಯ ಬಾಯಲ್ಲಿ ಬಟ್ಟೆ ತುರುಕಿತ್ತು.

ಇಕ್ಕಳದಲ್ಲಿ ಹಿಡಿದು ಎಳೆದೆವು. ಕಪ್ಪಾಗಿತ್ತು, ಆದರೆ ಹಸಿರು ಅಂಚು ಗುರುತು ಸಿಕ್ಕಿತು. ಆಯುಧಪೂಜೆಗೆ ಗಾಡಿ ತೊಳೆಯುವುದು ಹಿರಿಯ ಮಗನ ಹಕ್ಕು ಎಂದು ಪೂಜೆ ಮುಗಿಯುವವರೆಗೆ ಯಾರಿಗೂ ಮುಟ್ಟಗೊಡದವರು ನೀವು. ಎಂಜಿನ್ನಿಗೆ ಪೈಪು ಹಿಡಿಯುವಾಗ ನೀರು ಒಳಗೆ ಹೋಗದಿರಲೆಂದು ಹೆಗಲ ಮೇಲಿನ ಬೈರಾಸನ್ನು ಹರಿದು ತುರುಕಿದಿರಿ. ಆಮೇಲೆ ನಳಿಕೆ ಸಿಕ್ಕಿಸಿ, ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮರೆತೇಬಿಟ್ಟಿರಿ. ಆ ವರ್ಷದ ಪೂಜೆಯ ಫೋಟೋ ಈಗಲೂ ಗಲ್ಲಾದ ಮೇಲಿದೆ. ಅದರಲ್ಲಿ ನಿಮ್ಮ ಹೆಗಲ ಮೇಲಿರುವುದು ಹಸಿರು ಅಂಚಿನ ಇನ್ನರ್ಧ ಬೈರಾಸು. ಇಷ್ಟು ವರ್ಷ ಆ ಫೋಟೋದ ಕೆಳಗೆ ಕೂತೇ ನೀವು ತಮ್ಮನನ್ನು ಬೈದಿರಿ.

ಮೋಹನದಾಸ ಬೈರಾಸನ್ನು ಕೈಯಲ್ಲಿ ಹಿಡಿದು ಅತ್ತ. ಆಮೇಲೆ, ಅತ್ತಿಗೆ, ಅಣ್ಣನಿಗೆ ಇದನ್ನು ಹೇಳುವುದು ಬೇಡ, ಅವರಿಗೆ ತಡೆದುಕೊಳ್ಳಲು ಆಗಲಿಕ್ಕಿಲ್ಲ, ಎಣ್ಣೆ ನಿಂತಿತು ಬನ್ನಿ ಅಂತ ಮಾತ್ರ ಬರೆಯಿರಿ ಎಂದ. ಅವನು ಒಳ್ಳೆಯವನು. ನಾನಲ್ಲ. ಅದಕ್ಕೇ ಆ ಚೂರನ್ನು ತೊಳೆಯದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ಮುಟ್ಟಿ ನೋಡಿ, ಈಗಲೂ ಎಣ್ಣೆ ಅಂಟುತ್ತದೆ.

ಭಾನುವಾರ ಗಾಡಿ ಓಡಿಸುವವನು ಮೋಹನದಾಸ. ಧಾರೆ ಎರೆಯಲು ಅವನೂ ಅವನ ಹೆಂಡತಿ ತೃಪ್ತಿಯೂ ಒಪ್ಪಿದ್ದಾರೆ. ಇದು ಶರಣ್ಯಾಳದೇ ತೀರ್ಮಾನ. ನಿಮ್ಮ ಮಾತನ್ನು ಅವಳು ಎತ್ತಿದ್ದೇ ಇಲ್ಲ. ಹಾಗೆಂದು ಕರೆಯಲಿಲ್ಲ ಅನ್ನಬೇಡಿ. ಒಂದು ಸಾಲು ಕೇಳಿದ್ದಿರಿ, ಇಗೋ: ಮಗಳ ಮದುವೆಗೆ ಬನ್ನಿ. ಎರಡನೇ ಪಂಕ್ತಿಯಲ್ಲಿ ನಿಮಗೊಂದು ಎಲೆ ಹಾಕಿಸುತ್ತೇನೆ.

ಇಂತಿ,
ಇನ್ನೂ ನಿಮ್ಮ ಹೆಸರಿನ ತಾಳಿಯನ್ನೇ ಕಟ್ಟಿಕೊಂಡಿರುವ
ಪಂಕಜಾಕ್ಷಿ

ತಾ.ಕ.: ಶರಣ್ಯಾ ನಿಮ್ಮ ಮಾತು ಎತ್ತಿಲ್ಲ ಎಂದದ್ದು ಸುಳ್ಳು. ನಿಮ್ಮ ಅಕ್ಕನಿಗೆ ಮದುವೆಯ ಸುದ್ದಿ ಮುಟ್ಟಿಸಿದ್ದೇ ಅವಳು. ಅಪ್ಪ ಏನಾದರೂ ಬರೆದರಾ ಎಂದು ದಿನಾ ಕೇಳುತ್ತಾಳೆ. ಅಪ್ಪನಿಗೆ ಸೊಂಟನೋವು ಎಂದು ಇವತ್ತು ಡ್ರೈವರ್ ಸೀಟಿಗೆ ಒಂದು ದಿಂಬು ಹೊಲಿದು ಕಟ್ಟಿದ್ದಾಳೆ. ಧಾರೆಗೂ ನಿಮ್ಮನ್ನೇ ಕಾಯುತ್ತಿದ್ದಾಳೆ, ನೀವು ಬಾರದಿದ್ದರೆ ಮಾತ್ರ ಚಿಕ್ಕಪ್ಪ. ನಿಮ್ಮ ಪತ್ರ ನನ್ನ ಸೀರೆಗಳ ಕೆಳಗಿದೆ, ಬಂದಿಲ್ಲ ಎಂದೇ ಹೇಳಿದ್ದೇನೆ. ಇದನ್ನೂ ಸ್ಪೀಡ್ ಪೋಸ್ಟಿಗೇ ಹಾಕುತ್ತೇನೆ, ಮುಂದಿನ ಸೋಮವಾರ. ಅಷ್ಟರಲ್ಲಿ ಅವಳು ಗಂಡನ ಮನೆ ಸೇರಿರುತ್ತಾಳೆ, ಅಪ್ಪ ಒಂದು ಸಾಲೂ ಬರೆಯಲಿಲ್ಲ ಎಂದುಕೊಂಡು.