ಎದುರಾಬದುರಿನ ಎಣ್ಣಿ ಕಲೆ

ಬುಧವಾರ, ಫೆಬ್ರುವರಿ 12, ಅಕ್ಕಿಆಲೂರು

ಆ ಕಲೆ ಸಂಜಿಗೆ ಮತ್ತ ಎದ್ದೈತಿ. ಅಪ್ಪ ತಲಿಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಇಪ್ಪತ್ತು ವರ್ಷ ಪಡಸಾಲಿ ಗ್ವಾಡಿಗೆ ಆನಿಕೊಂಡು ಕುಂತ ಜಾಗ ಅದು. ಸೋಡಾ ಹಾಕಿ ಮೂರು ಸಲ ತೊಳದೆ. ಬೆರಳು ಸುಲಿಯೂತನಕ ಪಾಲಿಶ್ ಪೇಪರಿನಿಂದ ತಿಕ್ಕಿದೆ. ಪ್ರೈಮರ್ ಹೊಡದ ಮ್ಯಾಲೂ ಹಳದಿ ಹಳದಿಯಾಗಿ ಹೊರಗ ಬಂತು. ಅಪ್ಪ ಸತ್ತು ಎರಡು ವರ್ಷ ಆತು, ಇನ್ನೂ ಜಾಗ ಬಿಡವಲ್ಲ.

ಶುಕ್ರವಾರ ತಂಗಿ ಸವಿತಾನ್ನ ನೋಡಾಕ ದುಂಡಸಿಯವರು ಬರ್ತಾರ. ನಾಳೆ ಬಣ್ಣ ಹೊಡೀಲೇಬೇಕು.

"ಇರಲಿ ಬಿಡ ಮಲ್ಲಿಕಾ, ಅದರ ಮ್ಯಾಲೆ ಕ್ಯಾಲೆಂಡರ್ ಹಾಕೋಣು," ಅಂದ್ಲು ಅವ್ವ.

ನನಗ ಸಿಟ್ಟು ನೆತ್ತಿಗೇರಿತು. ನನ್ನ ನೋಡಾಕ ಬಂದ ನಾಲ್ಕು ವರಗಳನ್ನ ಅಪ್ಪ ವಾಪಸ್ ಕಳಿಸಿದ್ದು ಅಲ್ಲೇ ಕುಂತು. ಒಬ್ಬಗ ಹೊಲ ಕಡಿಮಿ, ಒಬ್ಬಗ ಅಣತಮ್ಮರು ಜಾಸ್ತಿ. ಒಬ್ಬನ ಮಾರಿ ಸೈತ ಸರಿಯಾಗಿ ನೋಡಲಿಲ್ಲ. "ಅಪ್ಪನ ಕಲೆ ಈ ಮನ್ಯಾಗ ಇರೂದು ಬ್ಯಾಡ," ಅಂತ ಒದರಿಬಿಟ್ಟೆ.

ಅವ್ವ ಸಿಟ್ಟಾಗಲಿಲ್ಲ. ಎದುರಿನ ಗ್ವಾಡಿಗೆ ಬೆರಳು ಮಾಡಿ ತೋರಿಸಿದ್ಲು. ಅಲ್ಲೂ ಪ್ರೈಮರ್ ಒಳಗಿಂದ ಒಂದು ಕಲೆ ಎದ್ದಿತ್ತು. ಸಣ್ಣದು, ಅಪ್ಪನದಕ್ಕಿಂತ ಒಂದು ಗೇಣು ಕೆಳಗ.

"ಅದು ನಿಂದು. ನಿಮ್ಮಪ್ಪ ಬ್ಯಾಡ ಅಂದಾಗೆಲ್ಲಾ ನೀ ಅಲ್ಲೇ ಸುಮ್ಮನ ಕುಂತಿದ್ದಿ."

ಹೋಗಿ ಅಲ್ಲೇ ಕುಂತು ಗ್ವಾಡಿಗೆ ತಲಿ ಆನಿಸಿದೆ, ಕಲೆಗೆ ಸರಿಯಾಗಿ ಕೂಡಿತು.

ಸವಿತಾ ಶುಕ್ರವಾರ ಆ ಎರಡು ಗ್ವಾಡಿ ನಡುವ ಚಾಪಿ ಮ್ಯಾಲೆ ಕುಂಡ್ರತಾಳ. ಆಕಿನ್ನ ಯಾರಾದರೂ ಒಂದು ಮಾತು ಕೇಳ್ತಾರೋ ಇಲ್ಲೋ.

ಡಬ್ಬ್ಯಾಗ ಒಂದ ಗ್ವಾಡಿಗೆ ಆಗುವಷ್ಟ ಸೋಡಾ ಉಳದೈತಿ, ಅದು ನನ್ನ ಕಲೆಗೆ. ಅಪ್ಪನ ಕಲೆ ಮ್ಯಾಲೆ ಕ್ಯಾಲೆಂಡರ್ ಹಾಕಿದರ ಆತು.